ಹೊಂಬಾಳಮ್ಮನ ಆವರಣ

ನಮ್ಮೂರಿನಲ್ಲಿ ಬೂರುಗದ ಕಾಯಿಗಳು ಒಡೆದು ಅರಳೆ ಹಾರಲು ಶುರುವಾಯಿತೆಂದರೆ, ಈ ಸಲ ಹೊಸ್ತಿಲ ಬಳಿ ಏನನ್ನು ಇಡೋಣ ಎಂಬ ಮಾತು ಮನೆಮನೆಯಲ್ಲೂ ಏಳುತ್ತದೆ. ಅರಳೆ ಹಾರಿ ಕೆಲವು ದಿನಗಳಾದ ಮೇಲೆ, ಒಂದು ಸಂಜೆ, ಮಡಿಗಾಳಿ ಬರುತ್ತದೆ. ಊರ ಕೆಳಗಿನ ಹುಲ್ಲುಬಯಲಿನ ಆಚೆ ತುದಿಯಲ್ಲಿ ಮೊದಲು ಹುಲ್ಲು ಬೆಳ್ಳಗೆ ಮಲಗುವುದು ಕಾಣುತ್ತದೆ. ಆ ಬಿಳುಪು ಬಯಲು ದಾಟಿ, ಕಲ್ಲು ಮೆಟ್ಟಿಲು ಹತ್ತಿ, ಬೀದಿಗೆ ನುಗ್ಗಿ, ಒಂದೊಂದೇ ಮನೆಯ ಬಾಗಿಲಲ್ಲಿ ಬಗ್ಗಿ ನೋಡಿ, ಹೊಸ್ತಿಲ ಪಕ್ಕ ಸಿಕ್ಕಿದ್ದನ್ನು ಮುಟ್ಟಿ ಹೋಗುತ್ತದೆ. ಮುಟ್ಟಿದ್ದು ಮೂರ್ಮಡಿಯೋ ನಾಲ್ಮಡಿಯೋ ಆಗುತ್ತದೆ. ಎಷ್ಟು ಮಡಿಯ ಗಾಳಿ ಎಂಬುದು ಬಂದ ಮೇಲೆಯೇ ಗೊತ್ತು. ಒಂದು ವರ್ಷ ಒಂದೇ ಮಡಿಯ ಗಾಳಿ ಬಂದು, ಇದ್ದದ್ದು ಇದ್ದಷ್ಟೇ ಉಳಿದು, ಊರಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕಿದ್ದರು. ಸೊನ್ನೆ ಮಡಿಯ ಗಾಳಿಯ ಬಗ್ಗೆ ಮಕ್ಕಳೇನಾದರೂ ಕೇಳಿದರೆ ಹಿರಿಯರು ಕೈಗೆ ಬೆಲ್ಲದ ಚೂರು ಕೊಟ್ಟು ಆಟಕ್ಕೆ ಕಳಿಸಿಬಿಡುತ್ತಾರೆ.

ಗಾಳಿ ಒಳಮನೆಯವರೆಗೆ ಬರುವುದಿಲ್ಲ. ಅಟ್ಟದ ಮೇಲಿನದು, ಅಡುಗೆಮನೆಯದು, ಹಿತ್ತಿಲಿನದು ಎಲ್ಲ ಹಾಗೇ ಇದ್ದು, ಗಾಳಿ ಹೋದ ಮೇಲೆ ಮನೆಯ ಲೆಕ್ಕಕ್ಕೆ ಸುಮ್ಮನೆ ಕೂಡಿಕೊಳ್ಳುತ್ತವೆ. ಹಾಗಾಗಿ ಜನ ಬೆಳೆಯಬೇಕಾದ್ದನ್ನು ಬಾಗಿಲಿಗೆ ತರುತ್ತಾರೆ. ಒಂದು ಮನೆಯಲ್ಲಿ ರಾಗಿಮೂಟೆ, ಇನ್ನೊಂದರಲ್ಲಿ ಕರು ಹಾಕಿದ ಹಸು, ಮತ್ತೊಂದರಲ್ಲಿ ಹೊಸದಾಗಿ ಮದುವೆಯಾದವರು ನಾಚಿಕೊಂಡು ಚಾಪೆಯ ಮೇಲೆ. ಮೇಲಿನ ಬೀದಿಯವರು ಒಮ್ಮೆ ತಮಾಷೆಗಾರ ಸೋದರಮಾವನನ್ನು ಕೂರಿಸಿ, ಇಡೀ ವರ್ಷ ನಗುವಿನ ಕಾಟಕ್ಕೆ ನಿದ್ದೆಗೆಟ್ಟಿದ್ದರು.

ಸಾವಾದ ಮನೆಯವರದು ಬೇರೆ ಕಷ್ಟ. ರಾಗಿಮೂಟೆಯನ್ನು ಬೇಕಾದ ಕಡೆ ಇಡಬಹುದು, ಹೋದವರು ಬಿಟ್ಟುಹೋದ ಕೊರತೆಯನ್ನು, ನಾವು ಕಳೆತ ಎನ್ನುವುದನ್ನು, ಹಾಗೆ ಇಡಲಾಗದು. ಹೋದವರು ತಲೆಬಾಗಿಲಿನಿಂದಲೇ ಹೋಗಿರುತ್ತಾರಾದ್ದರಿಂದ ಅವರ ಕಳೆತ ಹೊಸ್ತಿಲಲ್ಲೇ ಕೂತಿರುತ್ತದೆ. ಗಾಳಿ ಮೊದಲು ಮುಟ್ಟಿ ಬೆಳೆಸುವುದು ಅದನ್ನೇ. ಅದಕ್ಕೆ ಆವರಣ ಹಾಕುವುದು. ಎರಡು ಬಾಗಿದ ಬಿದಿರುಗಳನ್ನು ಎದುರುಬದುರಾಗಿ ನಿಲ್ಲಿಸಿ, ಮನೆಯವರೆಲ್ಲ ತಮ್ಮಲ್ಲಿ ಇರುವುದನ್ನೆಲ್ಲ ತಂದುಕೊಂಡು ನಡುವೆ ಒತ್ತಾಗಿ ಕೂರುತ್ತಾರೆ. ಆವರಣದೊಳಗೆ ಮೊದಲು ಇದ್ದದ್ದರಲ್ಲಿ ಹೋದದ್ದು ಕಳೆದು ಒಂದು ಹದಕ್ಕೆ ಬರುತ್ತದೆ. ಉಳಿದದ್ದನ್ನು ಮಾತ್ರ ಗಾಳಿ ಮುಟ್ಟುತ್ತದೆ. ಒಂದು ಸಾವಿನ ಕಳೆತ ಮೂವರಷ್ಟು ತೂಗಿದರೂ, ತುಂಬಿದ ಮನೆಯಾದರೆ ಅದನ್ನು ಹೀಗೆ ದಾಟಿಬಿಡಬಹುದು.

ಬಿದಿರು ಬಾಗಿಸುವವನು ನಾನು. ವರ್ಷವೆಲ್ಲ ತೊಟ್ಟಿಲು, ಮಂಕರಿ, ಗಾಡಿಯ ಕಮಾನು. ಅರಳೆ ಹಾರುವ ಕಾಲಕ್ಕೆ ಆವರಣ. ಹದವಾದ ಬೆಂಕಿಯ ಮೇಲೆ ಬಿದಿರನ್ನು ಕಾಯಿಸಿ, ಎಣ್ಣೆ ಸವರಿ, ಮೊಣಕಾಲಿಗೆ ಒತ್ತಿಕೊಂಡು ಬಾಗಿಸಬೇಕು. ನನ್ನ ಹೆಂಡತಿ ಕಮಲಾಕ್ಷಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾಳೆ. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅವ್ವ.

ಅವ್ವನಿಗೆ ಮರೆವು ಹತ್ತಿತ್ತು. ಮೊದಲು ಪಾತ್ರೆ ಇಟ್ಟ ಜಾಗ ಮರೆತಳು, ಆಮೇಲೆ ನೆಂಟರನ್ನು, ಆಮೇಲೆ ವರ್ಷಗಟ್ಟಲೆ ಕಾಲವನ್ನು. ನಾನು ಹೇಳುತ್ತಿರುವ ಆ ಬೇಸಿಗೆಗೆ ಅವಳಲ್ಲಿ ಉಳಿದಿದ್ದದ್ದು ಸ್ವಲ್ಪ. ತವರಿನ ಬಾವಿಯ ರಾಟೆಯ ಕಿರುಗುಟ್ಟುವಿಕೆ, ನನ್ನ ಅಪ್ಪನ ಮುಖ, ರಾಗಿ ಬೀಸುವ ಪದದ ಒಂದು ಸಾಲು, ಕೆಲವು ದಿನ ನನ್ನ ಹೆಸರು. ಅಪ್ಪ ತೀರಿಕೊಂಡಾಗ ನಾನಿನ್ನೂ ಚಿಕ್ಕವನು. ಆದರೂ ಅವನ ಮುಖ ನನಗೂ ನೆನಪಿತ್ತು. ಗಲ್ಲದ ಮೇಲಿನ ಗುಳಿ, ಒಂದು ಕಡೆ ಮಾತ್ರ ನರೆತ ಮೀಸೆ. ಸಂಜೆ ಅವ್ವನ ಪಕ್ಕ ಕೂತು ಅಪ್ಪನ ಮಾತು ತೆಗೆದರೆ ಅವಳು ಬೆರಳಿಂದ ಗಾಳಿಯಲ್ಲಿ ಆ ಮೀಸೆಯನ್ನು ತಿದ್ದುತ್ತಿದ್ದಳು. ಆ ವರ್ಷದ ಗಾಳಿಗೆ ಅವ್ವನನ್ನು ಒಬ್ಬಳನ್ನೇ ಬಾಗಿಲಲ್ಲಿ ಕೂರಿಸುವುದೆಂದು ನಾನೂ ಕಮಲಾಕ್ಷಿಯೂ ಚಳಿಗಾಲದಲ್ಲೇ ತೀರ್ಮಾನ ಮಾಡಿದ್ದೆವು. ಅಪ್ಪನ ಸಾವನ್ನು ಎಂದೋ ದಾಟಿದ್ದರಿಂದ ನಮ್ಮ ಮನೆಯಲ್ಲಿ ಈಗ ಕಳೆತವಿರಲಿಲ್ಲ. ಉಳಿದಿದ್ದ ಚೂರುಪಾರು ನೆನಪು ನಾಲ್ಮಡಿಯಾದರೆ ಅವ್ವ ಮತ್ತೆ ಅವ್ವನಾಗುತ್ತಾಳೆ ಎಂದು ನಾನು ಕಾದಿದ್ದೆ.

ನಮ್ಮ ಎದುರುಮನೆಯಲ್ಲಿ ಹೊಂಬಾಳಮ್ಮ ಮತ್ತು ದೇವೀರಮ್ಮ ಎಂಬ ಅಕ್ಕತಂಗಿಯರು ಕಡಲೆ ಹುರಿದು ಮಾರುತ್ತಿದ್ದರು. ಇಬ್ಬರೂ ಮುದುಕಿಯರು. ಇಬ್ಬರಿಗೂ ಬೇರೆ ಯಾರೂ ಇರಲಿಲ್ಲ. ದೇವೀರಮ್ಮ ಬಾಣಲೆಯ ಬಿಸಿಮರಳಿನಲ್ಲಿ ಕಡಲೆ ತಿರುವುತ್ತ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದಳು. ಹೊಂಬಾಳಮ್ಮ ಜರಡಿ ಹಿಡಿಯುತ್ತ "ಹೂಂ" ಎನ್ನುತ್ತಿದ್ದಳು. ಆ ಚಳಿಗಾಲ ಜ್ವರ ಬಂದು ತಂಗಿ ಹೋದಳು. ಆಮೇಲೆ ಹೊಂಬಾಳಮ್ಮ ತಾನೇ ತಿರುವಿ ತಾನೇ ಜರಡಿ ಹಿಡಿಯತೊಡಗಿದಳು. ಮಾತಾಡುವವರು ಯಾರೂ ಇಲ್ಲದಿದ್ದರೂ ಆಗಾಗ "ಹೂಂ" ಅನ್ನುವುದು ಮಾತ್ರ ನಿಲ್ಲಲಿಲ್ಲ.

ಅರಳೆ ಹಾರಲು ಶುರುವಾದಾಗ ಊರಿನವರಿಗೆ ಅವಳ ನೆನಪಾಯಿತು. ಎಲ್ಲರೂ "ಪಾಪ" ಎಂದರು. ಉಪ್ಪಿನಕಾಯಿ ಕೊಟ್ಟರು, ಸೌದೆ ಹಾಕಿಸಿದರು. ಅವಳ ಜೊತೆ ಆವರಣದಲ್ಲಿ ಕೂರುತ್ತೇವೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಕೂತರೆ ತಮ್ಮಲ್ಲಿದ್ದದ್ದರಿಂದಲೇ ಅವಳ ಕಳೆತ ಕಳೆಯುತ್ತದೆ. ಗಾಳಿ ಮುಟ್ಟುವ ಮೊದಲೇ ತಮ್ಮದು ಕಡಿಮೆಯಾಗುತ್ತದೆ. ಅದೂ ಅಲ್ಲದೆ, ಆವರಣದೊಳಗೆ ಕೂತವರು ಒಂದೇ ಮನೆಯಾಗಿ ಎದ್ದುಬರುತ್ತಾರೆ. ನಾಲ್ಕು ಮತ್ತು ಮೂರು ಒಳಗೆ ಹೋಗಿ ಏಳಾಗಿ ಹೊರಬಂದ ಮೇಲೆ, ಆ ಏಳರಲ್ಲಿ ನಾಲ್ಕು ಯಾವುದು, ಮೂರು ಯಾವುದು ಎಂದು ಹುಡುಕುವುದು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಪರರ ಕಳೆತಕ್ಕೆ ಕೂರುವ ಪದ್ಧತಿ ನಮ್ಮಲ್ಲಿರಲಿಲ್ಲ.

ಒಬ್ಬಂಟಿಗಳ ಗತಿ ಏನಾಗುತ್ತದೆ ಎಂಬುದು ಊರಿಗೆ ಗೊತ್ತಿತ್ತು. ಶಾಲೆಯ ಹಿಂದೆ ತಗ್ಗುಮನೆ ಎಂದು ಕರೆಯುವ ಮನೆಯಿತ್ತು. ಹಿಂದೆ ಅದರಲ್ಲಿ ಗುರುಪಾದಯ್ಯ ಎಂಬ ದರ್ಜಿ ಇದ್ದ. ತಾಯಿ ತೀರಿಕೊಂಡ ವರ್ಷ ಅವನು ಒಬ್ಬನೇ ಗಾಳಿಗೆ ಕೂತಿದ್ದ. ಅಂದಿನಿಂದ ಆ ಮನೆ ಬೀದಿಯ ಮಟ್ಟದಲ್ಲೇ ಕಂಡರೂ ಹತ್ತಿರ ಹೋದವರಿಗೆ ಇಳಿದ ಹಾಗಾಗುತ್ತಿತ್ತು. ಅದರ ಮುಂದೆ ಹಾದರೆ ಮುಡಿದ ಮಲ್ಲಿಗೆಯ ವಾಸನೆ ನಿಂತುಹೋಗುತ್ತಿತ್ತು. ಗುರುಪಾದಯ್ಯ ಒಳಗೇ ಇದ್ದ. ಅಕ್ಕಪಕ್ಕದವರು ಮೆಟ್ಟಿಲ ಮೇಲೆ ಊಟ ಇಟ್ಟರೆ ತಟ್ಟೆ ಖಾಲಿಯಾಗಿ ಹೊರಗೆ ಬರುತ್ತಿತ್ತು. ತಟ್ಟೆಯ ಮೇಲೆ ಬರೆದಿದ್ದ ಹೂವೂ ಅದರಲ್ಲಿ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಶಾಲೆಯ ಕಿಟಕಿಗೆ ಬಿದಿರಿನ ತಡಿಕೆ ಕಟ್ಟಲು ನಾನು ಹೋಗಿದ್ದೆ. ಒಳಗೆ ಕಮಲಾಕ್ಷಿ ಪಾಠ ಮಾಡುತ್ತಿದ್ದಳು. ಹಲಗೆಯ ಮೇಲೆ ಐದು, ಕಳೆಯುವ ಗೆರೆ, ಮೂರು, ಗುಣಿಸುವ ಗುರುತು, ನಾಲ್ಕು ಎಂದು ಬರೆದಿದ್ದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿ "ಎಂಟು" ಎಂದಳು.

"ಹೇಗೆ ಬಂತು?" ಎಂದಳು ಕಮಲಾಕ್ಷಿ.

"ಐದರಲ್ಲಿ ಮೂರು ಹೋದ್ರೆ ಎರಡು. ಎರಡು ನಾಲ್ಕಲೆ ಎಂಟು."

"ಆವರಣ ಎಲ್ಲಿದೆ ಇಲ್ಲಿ? ಆವರಣ ಇಲ್ದೆ ನೀನು ಕಳೆಯೋಕೆ ಮೊದಲು ಹೋದ್ಯಲ್ಲ."

ಹುಡುಗಿ ಹಲಗೆಯನ್ನು ದಿಟ್ಟಿಸಿದಳು. "ಹಂಗಾರೆ ಮೊದ್ಲು ಮೂರು ನಾಲ್ಕಲೆ ಹನ್ನೆರಡು. ಐದರಲ್ಲಿ ಹನ್ನೆರಡು ಹೋಗಲ್ಲ ಟೀಚರ್."

"ಹೋಗುತ್ತೆ. ಸೊನ್ನೆಯ ಕೆಳಗೆ ಇಳಿಯುತ್ತೆ. ಏಳು ಮೆಟ್ಟಿಲು ಕೆಳಗೆ."

ಮಕ್ಕಳೆಲ್ಲ ಒಟ್ಟಿಗೆ ಹಿಂದಿನ ಕಿಟಕಿಯ ಕಡೆ, ತಗ್ಗುಮನೆಯ ಕಡೆ ತಿರುಗಿದರು. ಕಮಲಾಕ್ಷಿ ಬೇಗಬೇಗ ಐದು ಮತ್ತು ಮೂರರ ಆಚೆಈಚೆ ಎರಡು ಬಾಗು ಗೆರೆ ಎಳೆದಳು. "ನೋಡಿ, ಈಗ ನೀವು ಹೇಳಿದ ಎಂಟೇ ಸರಿ. ಅಂಕಿ ಅವೇ, ಗುರುತು ಅವೇ. ಈ ಎರಡು ಗೆರೆಯಿಂದ ಇಷ್ಟು ವ್ಯತ್ಯಾಸ."

ಆಗ ಅದೇ ಹುಡುಗಿ ಮತ್ತೆ ಕೇಳಿದಳು. "ಟೀಚರ್, ಹೊಂಬಾಳಜ್ಜಿ ಮನೇಲಿ ಇರೋದೇ ಒಂದು. ಒಂದರಲ್ಲಿ ಮೂರು ಹೋದ್ರೆ ಆವರಣ ಹಾಕಿದ್ರೂ ಕೆಳಗೇ ಅಲ್ವಾ?"

ಕಮಲಾಕ್ಷಿ ಹಲಗೆ ಒರೆಸಿದಳು. ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು.

ಅಂದು ಮನೆಗೆ ಬಂದವಳು ಕಾಫಿ ಕುಡಿಯುತ್ತ, "ರೀ, ನಾವು ಮೂವರಿದ್ದೀವಿ" ಎಂದಳು. ಅವಳು ಏನು ಹೇಳಹೊರಟಿದ್ದಾಳೆ ಎಂದು ತಿಳಿದೇ ನಾನು ಕತ್ತಿ ಮಸೆಯುತ್ತ ಕೂತೆ.

"ಅವ್ರ ಜೊತೆ ಕೂತ್ರೆ ಸೊನ್ನೆಯ ಮೇಲೆ ಉಳೀತೀವಿ. ಲೆಕ್ಕ ಹಾಕಿದೀನಿ."

"ಅವ್ವನ ಹತ್ರ ಇರೋದೇ ಇಷ್ಟು. ಅದ್ರಲ್ಲೂ ಕಳೀಬೇಕಾ? ಈ ವರ್ಷ ಬಿಟ್ರೆ ಮುಂದಿನ ವರ್ಷಕ್ಕೆ ಅಷ್ಟೂ ಉಳಿಯಲ್ಲ ಕಮಲ. ನನ್ನ ಹೆಸ್ರೂ ಉಳಿಯಲ್ಲ."

"ನಂಗೂ ಗೊತ್ತು" ಎಂದಳು. ಲೋಟ ಕೆಳಗಿಟ್ಟು, "ಎದುರುಮನೆ ತಗ್ಗಾದ್ರೆ ದಿನಾ ಬಾಗ್ಲು ತೆಗೆದಾಗ ನಾವೇ ನೋಡ್ಬೇಕು" ಎಂದಳು. ನಾನು ಕತ್ತಿಯನ್ನು ಕಲ್ಲಿನ ಮೇಲೆ ಇನ್ನೂ ಜೋರಾಗಿ ಎಳೆದೆ. ಅವ್ವ ಮೂಲೆಯಲ್ಲಿ ಕೂತು ತನ್ನ ಸೆರಗಿನ ಅಂಚನ್ನು ಮಡಿಸುತ್ತಿದ್ದಳು, ಕೇಳಿಸಿಕೊಂಡಳೋ ಇಲ್ಲವೋ.

ಮಾರನೆಯ ಬೆಳಗ್ಗೆ ಹೊಂಬಾಳಮ್ಮ ತಾನಾಗಿ ನನ್ನ ಕೆಲಸದ ಚಪ್ಪರಕ್ಕೆ ಬಂದಳು. ಮಡಿಲಲ್ಲಿ ಬಿಸಿ ಕಡಲೆ ತಂದು ಒಂದು ಬುಟ್ಟಿಗೆ ಸುರಿದಳು.

"ರಾಚಪ್ಪ, ನಂಗೊಂದು ಆವರಣ ಮಾಡ್ಕೊಡಪ್ಪ. ಒಬ್ಬಳಿಗೆ ಆಗೋವಷ್ಟು."

"ಒಬ್ರಿಗೆ ಅಂತ ಯಾರೂ ಹಾಕ್ಸಲ್ಲ ಹೊಂಬಾಳಮ್ಮ" ಎಂದೆ. ಅದರಿಂದ ಉಪಯೋಗವಿಲ್ಲ ಎಂದು ಬಾಯಿಬಿಟ್ಟು ಹೇಳಲಾಗಲಿಲ್ಲ.

"ನಂಗೂ ತಿಳೀತದೆ. ಆದ್ರೂ ಬರೀ ನೆಲದ ಮ್ಯಾಲೆ ಕೂರಕ್ಕೆ ಒಂಥರಾ ಆಯ್ತದೆ ಕಣಪ್ಪ. ಎರಡು ಕಡೆ ಏನಾದ್ರೂ ಇದ್ರೆ ಒರಗಿಕೊಂಡಂಗಾದ್ರೂ ಇರ್ತದೆ." ಹಾಗೆಂದವಳು ಯಾರೋ ಪಕ್ಕದಿಂದ ಏನೋ ಅಂದ ಹಾಗೆ ತಿರುಗಿ "ಹೂಂ" ಎಂದಳು.

ನಾನು ಒಂದು ಎಳೆಬಿದಿರು ಆರಿಸಿ ಕಾಯಿಸಿದೆ. ಒಬ್ಬರ ಭುಜದ ಅಗಲಕ್ಕೆ ಬಾಗಿಸಬೇಕೆಂದರೆ ಬಿದಿರನ್ನು ತುಂಬ ಬಿಗಿಯಾಗಿ ಎಳೆಯಬೇಕು. ಮೊದಲನೆಯದು ಟಪ್ಪೆಂದು ಸೀಳಿತು. ಎರಡನೆಯದೂ ಸೀಳಿತು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಾರು ಸುತ್ತಿ ಎಷ್ಟು ನಿಧಾನವಾಗಿ ಬಾಗಿಸಿದರೂ ಎರಡೂ ನಡುವೆ ಬಿರುಕು ಬಿಟ್ಟವು. ಹೊಂಬಾಳಮ್ಮ ನೋಡುತ್ತ ಕೂತಿದ್ದಳು. "ಸಾಕು ಬಿಡು, ಸೀಳಿದ್ರೂ ಪರವಾಗಿಲ್ಲ. ಅದನ್ನೇ ಕೊಡು" ಎಂದು ಆ ಬಿರುಕು ಬಿಟ್ಟ ಜೋಡಿಯನ್ನೇ ಹೊತ್ತುಕೊಂಡು ಬೀದಿ ದಾಟಿದಳು. ನನಗೆ ಆ ದಿನವೆಲ್ಲ ಬೇರೆ ಕೆಲಸ ಸಾಗಲಿಲ್ಲ. ಕಡಲೆ ಬುಟ್ಟಿಯಲ್ಲೇ ಆರಿಹೋಯಿತು.

ಗಾಳಿ ಬಂದ ಸಂಜೆ ಆಕಾಶ ಹಾಲು ಕಲಸಿದ ಹಾಗಿತ್ತು. ಅರಳೆ ಬೀದಿಯ ತುಂಬ ತೇಲುತ್ತ, ಇಳಿಯಲು ಜಾಗ ಸಿಗದೆ ಮತ್ತೆ ಮೇಲೇಳುತ್ತಿತ್ತು. ಬಯಲ ಕಡೆಯ ಮೆಟ್ಟಿಲಲ್ಲಿ ಕಾವಲು ನಿಂತವರು ಜಾಗಟೆ ಬಡಿದರು. ಆಚೆ ತುದಿಯಲ್ಲಿ ಹುಲ್ಲು ಮಲಗಿತ್ತು. ಬೀದಿಯಲ್ಲಿ ಮಾತು, ಓಡಾಟ, ಪಾತ್ರೆಯ ಸದ್ದು ಎಲ್ಲ ಒಮ್ಮೆ ಜೋರಾಗಿ ಎದ್ದು ಅಡಗಿತು. ನಾವು ಅವ್ವನಿಗೆ ಹೊಸ ಸೀರೆ ಉಡಿಸಿ ಹೊಸ್ತಿಲ ಒಳಗಡೆ ಮಣೆ ಹಾಕಿ ಕೂರಿಸಿದೆವು. "ಇಲ್ಲೇ ಕೂತಿರವ್ವ, ಅಲುಗಾಡ್ಬೇಡ" ಎಂದು ಹೇಳಿ, ಅಡ್ಡ ಬರಬಾರದೆಂದು ನಾವಿಬ್ಬರೂ ಅಡುಗೆಮನೆಗೆ ಸರಿದೆವು. ಬಾಗಿಲ ಸಂದಿನಿಂದ ಅವಳ ಬೆನ್ನು ಕಾಣುತ್ತಿತ್ತು. ಅವಳ ಆಚೆಗೆ ಬೀದಿ. ಬೀದಿಯ ಆಚೆಗೆ ಎದುರುಮನೆಯ ತೆರೆದ ಬಾಗಿಲಲ್ಲಿ ಹೊಂಬಾಳಮ್ಮ, ಬಿರುಕು ಬಿಟ್ಟ ಎರಡು ಬಿದಿರಿನ ನಡುವೆ ಕೈಕಟ್ಟಿ ಕೂತಿದ್ದಳು.

ಅವ್ವ ಅವಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಣೆಯಿಂದ ಎದ್ದಳು. ಎದ್ದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಹೊಸ್ತಿಲು ದಾಟಿ ಬೀದಿಗೆ ಇಳಿದಳು.

"ಅವ್ವ!" ಎಂದು ಕೂಗಿಕೊಂಡು ನಾನು ಓಡಿದೆ. ನಾನು ಬೀದಿ ದಾಟುವಷ್ಟರಲ್ಲಿ ಅವಳು ಹೊಂಬಾಳಮ್ಮನ ಹೊಸ್ತಿಲು ಹತ್ತಿ, ಒಂದು ಬಿದಿರನ್ನು ಪಕ್ಕಕ್ಕೆ ತಳ್ಳಿ, "ಜರುಗು, ಜಾಗ ಬಿಡು" ಎನ್ನುತ್ತಿದ್ದಳು.

ಹೊಂಬಾಳಮ್ಮ ಗಾಬರಿಯಾದಳು. "ಅಯ್ಯೋ ಇದೇನು ಪುಟ್ಟಗೌರಮ್ಮ! ರಾಚಪ್ಪ, ಕರ್ಕೊಂಡೋಗಪ್ಪ ಇವರ್ನ. ಬೇಗ. ಗಾಳಿ ಬಯಲಿಗೆ ಬಂದದೆ."

ನಾನು ಅವ್ವನ ರಟ್ಟೆ ಹಿಡಿದೆ. ಅವಳು ಕೈ ಕೊಡವಿಕೊಂಡಳು. ಅಷ್ಟು ಬಲ ಅವಳಲ್ಲಿರುವುದು ನನಗೆ ಗೊತ್ತಿರಲಿಲ್ಲ.

"ಈ ಮನೇಲಿ ಒಬ್ರು ಕಮ್ಮಿ ಅವ್ರೆ ಕಣೋ" ಎಂದಳು.

"ಅದು ನಮ್ಮನೆ ಅಲ್ಲವ್ವ. ನಮ್ಮನೆ ಆ ಕಡೆ. ಬಾ, ಸಮಯ ಇಲ್ಲ."

"ಯಾರ ಮನೆಯಾದ್ರೇನು? ಕಮ್ಮಿ ಅವ್ರೆ." ಅವಳು ನನ್ನನ್ನು ನೇರವಾಗಿ ನೋಡಿದಳು. ಮರೆವಿನಿಂದ ಹೇಳುತ್ತಿದ್ದಾಳೋ, ತಿಳಿದೇ ಹೇಳುತ್ತಿದ್ದಾಳೋ ಎಂದು ನಾನು ಅಂದೂ ಯೋಚಿಸಿದೆ, ಆಮೇಲೂ ಎಷ್ಟೋ ಸಲ ಯೋಚಿಸಿದೆ. ಅವಳ ಕಣ್ಣು ನೋಡಿದರೆ ಎರಡೂ ಹೌದು ಅನ್ನಿಸುತ್ತಿತ್ತು. "ರಾಚ, ನಿಂತ್ಕಂಡು ಏನ್ ನೋಡ್ತೀಯ? ಕೂತ್ಕೊ" ಎಂದಳು.

ಅವಳು ನನ್ನ ಹೆಸರು ಕರೆದು ಎಷ್ಟೋ ದಿನಗಳಾಗಿದ್ದವು.

ಅಷ್ಟರಲ್ಲಿ ಕಮಲಾಕ್ಷಿ ಚಪ್ಪರದಿಂದ ಎರಡು ದೊಡ್ಡ ಬಿದಿರಿನ ಬಾಗುಗಳನ್ನು ಎಳೆದುಕೊಂಡು ಬಂದಳು. ಅವು ಒಂದು ತುಂಬುಸಂಸಾರದವರು ಹೇಳಿ ಮಾಡಿಸಿ ಕೊನೆಗೆ ಬೇಡವೆಂದು ಬಿಟ್ಟಂಥವು. ಒಂದನ್ನು ಹೊಂಬಾಳಮ್ಮನ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಇನ್ನೊಂದನ್ನು ನನ್ನ ಕೈಗೆ ಕೊಟ್ಟು ತಾನು ಹೋಗಿ ಅವ್ವನ ಪಕ್ಕ ಕೂತಳು.

ಪಕ್ಕದ ಮನೆಯೊಳಗಿಂದ ಯಾರೋ ಕೂಗಿದರು. "ರಾಚಣ್ಣ, ಪರರ ಕಳೆತಕ್ಕೆ ಕೂರ್ಬೇಡ! ಆಮೇಲೆ ಬಿಡಿಸ್ಕೊಳ್ಳೋಕೆ ಆಗಲ್ಲ!" ಮೆಟ್ಟಿಲ ಕಡೆ ನೋಡಿದೆ. ಬಿಳುಪು ಊರೊಳಗೆ ಬಂದಾಗಿತ್ತು. ಬೀದಿಯ ತುದಿಯ ಮನೆಯ ತೋರಣ ಒಮ್ಮೆ ಎದ್ದು ಬಿತ್ತು. ನಾನು ಬಿದಿರು ಹಿಡಿದು ಹೊಸ್ತಿಲ ಹೊರಗೆ ನಿಂತಿದ್ದೆ. ನಾನು ಆವರಣ ಮುಚ್ಚದಿದ್ದರೆ ಒಳಗಿನ ಮೂವರೂ ಬರೀ ನೆಲದ ಮೇಲೆ ಕೂತ ಹಾಗೆಯೇ. ಗಾಳಿ ಕಳೆತವನ್ನು ಮೊದಲು ಮುಟ್ಟುತ್ತದೆ. ಹೊರಗಿನಿಂದ ಮುಚ್ಚಿ ನಾನು ಮನೆಗೆ ಓಡಬಹುದಿತ್ತು. ಆದರೆ ಅವ್ವ ನನಗೆ ಜಾಗ ಬಿಟ್ಟು ಸ್ವಲ್ಪ ಸರಿದು ಕೂತಿದ್ದಳು, ಊಟಕ್ಕೆ ಕರೆದವಳ ಹಾಗೆ ನೆಲವನ್ನು ಕೈಯಲ್ಲಿ ತಟ್ಟುತ್ತಿದ್ದಳು. ನಾನು ಹೋಗಿ ಕೂತು, ಬಿದಿರನ್ನು ಬೆನ್ನ ಹಿಂದೆ ಎಳೆದುಕೊಂಡೆ.

ಒಳಗೆ ಇಕ್ಕಟ್ಟಾಗಿತ್ತು. ಹೊಂಬಾಳಮ್ಮನ ಮೊಣಕೈ ನನ್ನ ಪಕ್ಕೆಗೆ ಒತ್ತುತ್ತಿತ್ತು. ಅವಳ ಮೈಯಿಂದ ಹುರಿದ ಕಡಲೆಯ ವಾಸನೆ. ಮೊದಲು ಏನೂ ಆಗಲಿಲ್ಲ. ಆಮೇಲೆ ನನ್ನೊಳಗಿಂದ ಏನೋ ಮೆಲ್ಲಗೆ ಜಾರುತ್ತಿದೆ ಅನ್ನಿಸಿತು. ತುಂಬಿದ ಕೊಡದಿಂದ ಇನ್ನೊಂದು ಕೊಡಕ್ಕೆ ಸದ್ದಿಲ್ಲದೆ ನೀರು ಬಗ್ಗಿಸಿದ ಹಾಗೆ. ಹೊಂಬಾಳಮ್ಮ ಅಳುತ್ತಿದ್ದಳು. ತಂಗಿ ಹೋದಾಗಲೂ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಅವಳ ಜೊತೆ ನಾವೂ ಅಳುತ್ತಿದ್ದೆವು ಎಂದು ನನಗೆ ತಿಳಿದದ್ದು ಗಲ್ಲ ಒದ್ದೆಯಾದಾಗ. ದೇವೀರಮ್ಮ ಜ್ವರದಲ್ಲಿ ಕೊನೆಗೆ ನೀರು ಕೇಳಿದ್ದು, ಲೋಟ ತರುವಷ್ಟರಲ್ಲಿ ಮಾತು ನಿಂತದ್ದು ನನಗೆ ಗೊತ್ತಾಯಿತು. ಯಾರೂ ಹೇಳಲಿಲ್ಲ. ಲೋಟ ಹಿಡಿದ ಕೈ ನನ್ನದೇ ಆಗಿತ್ತು.

ಆಗ ಗಾಳಿ ಬಂತು. ಅರಳೆಯ ರಾಶಿಯೊಂದು ಬಾಗಿಲಿಂದ ತೇಲಿಬಂದು ನಮ್ಮ ನಾಲ್ವರ ತಲೆಯ ಮೇಲೂ ಇಳಿಯಿತು. ಹಣೆಯ ಮೇಲೆ ಯಾರೋ ಅಂಗೈ ಇಟ್ಟು ತೆಗೆದ ಹಾಗಾಯಿತು. ಅಷ್ಟೇ. ಮುಂದಿನ ಮನೆಯ ತೋರಣ ಎದ್ದು ಬಿತ್ತು.

ಆ ವರ್ಷದ್ದು ಮೂರ್ಮಡಿಯ ಗಾಳಿ ಎಂದು ಬೆಳಗಾಗುವಷ್ಟರಲ್ಲಿ ಊರಿಗೆ ತಿಳಿಯಿತು. ಹೊಂಬಾಳಮ್ಮನ ಮನೆ ಇದ್ದಲ್ಲೇ ಇತ್ತು. ಹೊಸ್ತಿಲ ಮೇಲೆ ನಿಂತರೆ ಇಳಿದ ಹಾಗಾಗುತ್ತಿರಲಿಲ್ಲ. ಜನ ಬಂದು ಬಂದು ನಿಂತು ನೋಡಿದರು. ನಾವು ಯಾವ ಮನೆಯಲ್ಲಿರಬೇಕು ಎಂಬುದೊಂದು ಸಮಸ್ಯೆಯಾಯಿತು. ಕೊನೆಗೆ ಎರಡರಲ್ಲೂ ಇದ್ದೆವು. ಒಂದು ಮನೆಯಲ್ಲಿ ಒಲೆ ಹಚ್ಚುವುದು, ಇನ್ನೊಂದರಲ್ಲಿ ಮಲಗುವುದು. ನಡುವಿನ ಬೀದಿ ನಮ್ಮ ನಡುಮನೆಯ ಹಾಗಾಗಿ, ಹಾದುಹೋಗುವವರು ಕಾಲೊರೆಸಿಕೊಂಡು ದಾಟತೊಡಗಿದರು.

ಅವ್ವ ನಾನು ಅಂದುಕೊಂಡ ಅವ್ವನಾಗಲಿಲ್ಲ. ಆದರೆ ಉಳಿದದ್ದು ಬೆಳೆದಿತ್ತು. ರಾಟೆಯ ಸದ್ದು ಒಂದಿದ್ದಲ್ಲಿ ಈಗ ಬಾವಿ ಇತ್ತು, ಬಾವಿಯ ಪಕ್ಕದ ಬೇವಿನ ಮರ ಇತ್ತು, ನೀರಿಗೆ ಬಂದವರ ಜಗಳ ಇತ್ತು. ಬೀಸುವ ಪದದ ಸಾಲಿಗೆ ಹಿಂದೆಮುಂದೆ ಸಾಲುಗಳು ಸೇರಿದವು. ನನ್ನನ್ನು ದಿನವೂ ಹೆಸರು ಹಿಡಿದು ಕರೆದಳು, ನಾನೇ ಮರೆತಿದ್ದ ಅಡ್ಡಹೆಸರುಗಳಿಂದಲೂ ಕರೆದಳು.

ಹೋದದ್ದು ಏನು ಎಂದು ಗೊತ್ತಾಗಲು ಕೆಲವು ದಿನ ಹಿಡಿಯಿತು. ಒಂದು ಸಂಜೆ ಎಂದಿನಂತೆ ಅವ್ವನ ಪಕ್ಕ ಕೂತು ಅಪ್ಪನ ಮಾತು ತೆಗೆದೆ. ಅವಳು ಬೆರಳೆತ್ತಿದಳು. ಗಾಳಿಯಲ್ಲಿ ಏನು ತಿದ್ದಬೇಕೆಂದು ತೋಚದೆ ಬೆರಳನ್ನು ಹಾಗೇ ಹಿಡಿದಳು. ಅವಳಿಗೆ ಸಹಾಯ ಮಾಡೋಣವೆಂದು ನಾನು ನೆನಪಿಸಿಕೊಳ್ಳಹೋದೆ. ನನ್ನಲ್ಲೂ ಇರಲಿಲ್ಲ. ಅಪ್ಪ ಇದ್ದ ಎಂಬುದು ಗೊತ್ತಿತ್ತು. ಮೀಸೆ ಒಂದು ಕಡೆ ನರೆತಿತ್ತು ಎಂಬ ಮಾತು ಗೊತ್ತಿತ್ತು. ಮುಖ ಇರಲಿಲ್ಲ. ಹಿತ್ತಿಲಿಗೆ ಹೋಗಿ ಬಿದಿರಿನ ರಾಶಿಯ ಮೇಲೆ ಕತ್ತಲಾಗುವವರೆಗೆ ಕೂತೆ. ಹೊಂಬಾಳಮ್ಮ ಬಂದು ಪಕ್ಕದಲ್ಲಿ ಕೂತಳು.

"ನನ್ನಿಂದ ಹೋಯ್ತಲ್ಲ ಮಗ" ಎಂದಳು. ಅಲ್ಲಿಯವರೆಗೆ ಅವಳು ನನ್ನನ್ನು ಮಗ ಎಂದು ಕರೆದಿರಲಿಲ್ಲ.

"ಯಾರಿಂದ ಅಂತ ಹೇಳೋದು ಇನ್ನು" ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ. ಯಾರಿಂದ ಎಂದು ಹುಡುಕಹೋದರೆ ನನಗೆ ನಿಜವಾಗಿ ಗುರುತು ಹತ್ತುತ್ತಿರಲಿಲ್ಲ. ಅವಳೂ ನಾನೂ ಸ್ವಲ್ಪ ಹೊತ್ತು, ಇಲ್ಲದ ಆ ಮುಖಕ್ಕೆ ಅತ್ತೆವು. ಅವಳು ನನಗಿಂತ ಹೆಚ್ಚು ಅತ್ತಳು.

ಮಳೆಗಾಲ ಬಂತು. ಕಮಲಾಕ್ಷಿ ಶಾಲೆ ಬಿಟ್ಟ ಮೇಲೆ ಕಡಲೆ ತಿರುವಲು ಕೂರುತ್ತಿದ್ದಳು. ಯಾರೂ ಕಲಿಸದೆ ಅವಳಿಗೆ ಮರಳಿನ ಹದ ಗೊತ್ತಿತ್ತು. ನಾನು ಬಾಗಿಸಲು ಕೂತಾಗ ಹೊಂಬಾಳಮ್ಮ ಬಂದು ಬಿದಿರನ್ನು ಬೆರಳಿಂದ ಬಡಿದು ನೋಡಿ, "ಇದು ಇನ್ನೂ ಹಸಿ ಅದೆ, ಬಿಡು" ಎನ್ನುತ್ತಿದ್ದಳು. ಅವಳು ಹೇಳಿದ್ದು ಸರಿಯಾಗಿರುತ್ತಿತ್ತು.

ಒಂದು ಬೆಳಗ್ಗೆ ಅವ್ವನೂ ಹೊಂಬಾಳಮ್ಮನೂ ಜೋರುಜೋರಾಗಿ ಜಗಳವಾಡುತ್ತಿದ್ದರು. ಮಳೆ ಬಿಟ್ಟು ಬಿಸಿಲು ಬಂದಿತ್ತು. ನಾನು ಮಂಕರಿ ಹೆಣೆಯುವುದನ್ನು ಬಿಟ್ಟು ಹೋದೆ.

"ನೀನೇ ಹೇಳು ಮಗ" ಎಂದಳು ಅವ್ವ. "ದೇವೀರಿ ನಂಜಯ್ಯನ ತೋಟದ ತೊಟ್ಟಿಗೆ ನೂಕಿದ್ದು ನನ್ನನ್ನ. ಇವ್ಳು ತನ್ನನ್ನ ಅಂತಾಳೆ."

"ನನ್ನನ್ನೇ ನೂಕಿದ್ದು!" ಹೊಂಬಾಳಮ್ಮ ಎದೆ ಮುಟ್ಟಿಕೊಂಡಳು. "ಕೆಂಪು ಲಂಗ ಹಾಕಿದ್ದೆ. ನೀರೊಳಗೆ ಲಂಗ ಉಬ್ಬಿ ಮ್ಯಾಲೆ ಬಂತು. ಅವ್ಳು ದಡದಲ್ಲಿ ನಿಂತು ಹೊಟ್ಟೆ ಹಿಡ್ಕಂಡು ನಗ್ತಿದ್ಲು."

"ಆ ಲಂಗ ನನ್ದು ಕಣೆ!"

ಅಕ್ಕಪಕ್ಕದ ಊರುಗಳವರೂ ಅಲ್ಲದ ಈ ಇಬ್ಬರು ಬಾಲ್ಯದಲ್ಲಿ ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಅವ್ವ ಈ ಬೀದಿಗೆ ಬಂದದ್ದು ಮದುವೆಯಾದ ಮೇಲೆ. ನ್ಯಾಯ ಹೇಳುವುದು ಸುಲಭವಾಗಿತ್ತು. ದೇವೀರಮ್ಮ ಯಾರ ತಂಗಿ ಎಂದು ಹೇಳಿದರೆ ಮುಗಿಯುತ್ತಿತ್ತು. ಹೇಳಲೆಂದು ಬಾಯಿ ತೆರೆದೆ. ಆಗ ಎರಡು ಪುಟ್ಟ ಕೈಗಳು ನನ್ನ ಬೆನ್ನನ್ನು ನೂಕಿದ ನೆನಪಾಯಿತು. ತೊಟ್ಟಿಯ ನೀರು ಮೂಗಿಗೆ ಹತ್ತಿ ಉರಿಯಿತು, ಪಾಚಿಯ ಮೇಲೆ ಕಾಲು ಜಾರಿತು, ಕಣ್ಣು ಬಿಟ್ಟರೆ ಮೇಲೆ ಬಿಸಿಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ನಗುತ್ತ ನಿಂತಿದ್ದಳು. ಅವಳು ಕೈ ನೀಡಿದಳು. ನಾನು ಹಿಡಿದುಕೊಂಡೆ.

"ನನ್ನನ್ನೂ ನೂಕಿದ್ಲು" ಎಂದೆ.

ಇಬ್ಬರೂ ಜಗಳ ನಿಲ್ಲಿಸಿ ನನ್ನ ಕಡೆ ತಿರುಗಿದರು. ಒಳಗಿಂದ 'ಚಟಪಟ' ಎಂದು ಕಡಲೆ ಸಿಡಿಯುವ ಸದ್ದಿನ ನಡುವೆ ಕಮಲಾಕ್ಷಿ ಕೂಗಿ ಹೇಳಿದಳು. "ನಾನು ಮಾತ್ರ ಅವ್ಳನ್ನೂ ಎಳ್ಕೊಂಡೇ ಬಿದ್ದೆ."

ಅವ್ವ ಚಪ್ಪಾಳೆ ತಟ್ಟಿ ನಕ್ಕಳು. ಹೊಂಬಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಹೌದು ಕಣೆ, ಬಿದ್ದಿದ್ಲು. ಅವತ್ತು ಮನೇಲಿ ಇಬ್ರಿಗೂ ಒದೆ ಬಿತ್ತು" ಎಂದಳು. ಹಾಗೆಂದು, ಆ ಒದೆ ಕೊಟ್ಟವರು ಯಾರು, ಆಮೇಲೆ ಯಾರು ಯಾರಿಗೆ ಎಣ್ಣೆ ಹಚ್ಚಿದರು ಎಂದು ಮೊದಲಿನಿಂದ ಹೇಳಲು ಶುರುಮಾಡಿದಳು. ನಾವು ಮೂವರೂ ಒದ್ದೆ ಬಟ್ಟೆ ಒಣಗಿಸಿಕೊಳ್ಳುವವರ ಹಾಗೆ ಬಿಸಿಲಿಗೆ ಮುಖಮಾಡಿ ಕೂತು ಕೇಳಿದೆವು.